ಇಲ್ಲದ ಗಾಜು ತೊಳೆದ ಗಾಜಣ್ಣ

ನಾನು ನಿವೃತ್ತನಾಗುವ ಹಿಂದಿನ ವರ್ಷ ನಡೆದ ಸಂಗತಿ ಇದು. ನಮ್ಮ ಶಾಲೆಯ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗೆ ನಾನು ಗಣಿತ ಹೇಳುತ್ತಿದ್ದೆ. ನನ್ನ ಕೊಠಡಿಗೂ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆಯಿಂದ ಇಪ್ಪತ್ತೇಳು ವರ್ಷ ಒಂದು ನಲ್ಲಿಯ ಸದ್ದು ಕೇಳುತ್ತಲೇ ಪಾಠ ಮಾಡಿದೆ. ಅದು ಗಾಜಣ್ಣನ ನಲ್ಲಿ.

ಗಾಜಣ್ಣ ಪ್ರಯೋಗಾಲಯದ ಅಟೆಂಡರ್. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಮಕ್ಕಳು ಬಳಸಿ ಬಿಟ್ಟ ಪ್ರನಾಳ, ಬೀಕರು, ಬ್ಯುರೆಟ್ಟುಗಳನ್ನು ತೊಳೆದು, ಒಣಗಿಸಿ, ಹತ್ತು ಹತ್ತರ ಸಾಲಿನಲ್ಲಿ ನಿಲ್ಲಿಸುವುದು ಅವನ ಕೆಲಸ. ತೊಳೆದ ಗಾಜಿನ ಮೇಲೆ ನೀರು ಹಾಳೆಯ ಹಾಗೆ ಇಳಿಯಬೇಕು, ಹನಿ ಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ ಎಂದು ಅವನು ನನಗೇ ಪಾಠ ಹೇಳಿದ್ದ. ಆಮ್ಲದಿಂದ ಅವನ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಯಾರಾದರೂ ಪ್ರನಾಳವನ್ನು ಹಾಗೇ ಬಿಟ್ಟು ಹೊರಟರೆ ಬೈಯುತ್ತಿರಲಿಲ್ಲ. "ಪಾಪ, ಅದು ಕಾಯ್ತಾ ಇದೆ" ಎನ್ನುತ್ತಿದ್ದ. ಅದಕ್ಕಿಂತ ಬೈಗುಳವೇ ವಾಸಿ ಎಂದು ಮಕ್ಕಳು ತೊಳೆದುಕೊಡುತ್ತಿದ್ದರು.

ಆ ವರ್ಷ ಜೂನ್‌ನಲ್ಲಿ ಎರಡು ಲಾರಿ ಬಂದವು. ಒಂದು ಲಾರಿ ನಮ್ಮ ಗಾಜಿನ ಸಾಮಾನನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ತುಂಬಿಕೊಂಡು ಹೋಯಿತು. ಇನ್ನೊಂದರಿಂದ ಹದಿನೆಂಟು ಕಪ್ಪು ಕನ್ನಡಕಗಳು ಇಳಿದವು. ಕನ್ನಡಕವೆಂದರೆ ಮೂಗಿನ ಮೇಲೆ ಕೂರುವುದಲ್ಲ, ಇಡೀ ಮುಖವನ್ನು ಮುಚ್ಚಿ ತಲೆಯ ಹಿಂದೆ ಪಟ್ಟಿ ಬಿಗಿಯುವಂಥದು. ಕೈಗೆ ಎರಡು ಹಿಡಿಕೆ. ಹಾಕಿಕೊಂಡವರಿಗೆಲ್ಲ ಎದುರಿಗೆ ಒಂದೇ ಪ್ರಯೋಗಾಲಯ ಕಾಣುತ್ತದೆ. ಕೈಯಾಡಿಸಿದರೆ ಅಲ್ಲಿಯ ಬೀಕರು ಏಳುತ್ತದೆ, ಆಮ್ಲ ಕುದಿಯುತ್ತದೆ, ಸಿಡಿದರೂ ಯಾರಿಗೂ ಸುಡುವುದಿಲ್ಲ. ಮಕ್ಕಳಿಗೆ ಹಬ್ಬವೋ ಹಬ್ಬ.

ಕನ್ನಡಕಗಳ ಹಿಂದೆಯೇ ಇಲಾಖೆಯಿಂದ ಒಂದು ಕಾಗದವೂ ಬಂತು. ಗಾಜಿನ ಸಾಮಾನು ಇಲ್ಲದ ಪ್ರಯೋಗಾಲಯಕ್ಕೆ ಅಟೆಂಡರ್ ಹುದ್ದೆ ಬೇಕಿಲ್ಲ. ಸೆಪ್ಟೆಂಬರಿನಲ್ಲಿ ತಪಾಸಣಾಧಿಕಾರಿ ಬಂದು ನೋಡಿ ತೀರ್ಮಾನಿಸುತ್ತಾರೆ. ಹುದ್ದೆ ಹೋದವರು ಮನೆಗೆ ಹೋಗತಕ್ಕದ್ದು. ಗಾಜಣ್ಣನಿಗೆ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಕಾಗದವನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟ.

"ಮೇಷ್ಟ್ರೇ, ಮನೆಗೆ ಹೋಗಿ ನಾನೇನು ಮಾಡ್ಲಿ? ಮನೇಲಿ ಇರೋದೇ ಆರು ಲೋಟ."

ಹದಿನೈದು ದಿನ ಅವನು ಖಾಲಿ ಕಪಾಟುಗಳ ಧೂಳು ಒರೆಸುತ್ತ ಕಳೆದ. ಮೂರನೆಯ ವಾರ ಕೆಮಿಸ್ಟ್ರಿ ಮೇಡಂ ಕನ್ನಡಕ ತೆಗೆದು ಹಣೆ ಒರೆಸಿಕೊಳ್ಳುತ್ತ ನನ್ನ ಕೊಠಡಿಗೆ ಬಂದರು.

"ಸಾರ್, ಒಳಗೆ ನಿಲ್ಲೋಕೂ ಜಾಗ ಇಲ್ಲ."

"ಒಂದು ಸಲಕ್ಕೆ ಹದಿನೆಂಟೇ ಮಕ್ಕಳಲ್ಲವೇನಮ್ಮ?"

"ಮಕ್ಕಳಲ್ಲ ಸಾರ್, ಮುಸುರೆ."

ಕನ್ನಡಕ ಮಾಡಿದ ಕಂಪನಿಯವರು ಎಲ್ಲವನ್ನೂ ನಿಜದ ಹಾಗೇ ಮಾಡಬೇಕೆಂದು ಹಟ ತೊಟ್ಟಿದ್ದರು. ಆದ್ದರಿಂದ ಆ ಲೋಕದಲ್ಲಿ ಬಳಸಿದ ಪಾತ್ರೆ ತಾನಾಗಿ ಮಾಯವಾಗುತ್ತಿರಲಿಲ್ಲ. ಆದರೆ ಅಲ್ಲಿಯ ಕಪಾಟು ಮಾತ್ರ ಎಷ್ಟು ತೆಗೆದರೂ ಹೊಸ ಪಾತ್ರೆ ಕೊಡುತ್ತಲೇ ಇತ್ತು. ಹೊಸದು ಸಿಗುವಾಗ ಹಳೆಯದನ್ನು ಯಾವ ಮಗು ತೊಳೆಯುತ್ತದೆ? ಐದು ವಿಭಾಗದ ಮಕ್ಕಳು ಮೂರು ವಾರ ಬಳಸಿ ಬಿಟ್ಟದ್ದು ನೆಲದ ಮೇಲೆ, ಮೇಜಿನ ಮೇಲೆ, ಬಿಟ್ಟವರ ಕೈ ಎತ್ತರಕ್ಕೆ ಗಾಳಿಯಲ್ಲಿ ಕೂಡ ನಿಂತಿತ್ತು. ಅಲ್ಲಿ ಬಿಟ್ಟದ್ದು ಬಿಟ್ಟಲ್ಲೇ ನಿಲ್ಲುತ್ತಿತ್ತು, ಬೀಳುವುದನ್ನು ಕಂಪನಿಯವರು ಮರೆತಿದ್ದರು.

ಪ್ರಿನ್ಸಿಪಾಲರು ಕಂಪನಿಗೆ ಫೋನ್ ಮಾಡಿದರು. ಆ ಕಡೆಯವನು ಬಹಳ ವಿನಯವಾಗಿ ಮಾತನಾಡಿದ. "ಮಾಯ ಮಾಡಿಬಿಟ್ರೆ ಮಕ್ಕಳಿಗೆ ಜವಾಬ್ದಾರಿ ಹೇಗೆ ಬರುತ್ತೆ ಸಾರ್? ಅದೇ ನಮ್ಮ ವಿಶೇಷ. ಅಲ್ಲೇ ನಲ್ಲಿ ಇದೆ, ಬ್ರಷ್ ಇದೆ. ಮೂವತ್ತು ಸಲ ಉಜ್ಜಿದ್ರೆ ಕಲೆ ಹೋಗುತ್ತೆ."

"ಉಜ್ಜೋರು ಯಾರಪ್ಪ?"

"ನಿಮ್ಮಲ್ಲಿ ಅಟೆಂಡರ್ ಇರಬೇಕಲ್ಲ ಸಾರ್."

ಹೀಗೆ ಗಾಜಣ್ಣನ ತಲೆಗೆ ಕನ್ನಡಕ ಏರಿತು. ಆದರೆ ಒಳಗೆ ಹೋಗಲು ಹೆಸರು ನೋಂದಾಯಿಸಬೇಕು. ಅಲ್ಲಿ ಇದ್ದದ್ದು ಎರಡೇ ಜಾತಿ: ಶಿಕ್ಷಕ, ವಿದ್ಯಾರ್ಥಿ. ಅಟೆಂಡರ್ ಎಂಬ ಪ್ರಾಣಿಯನ್ನು ಆ ಲೋಕ ಕಂಡಿರಲಿಲ್ಲ. ಮೇಡಂ ಅವನನ್ನು ಹನ್ನೊಂದನೆಯ ತರಗತಿ 'ಸಿ' ವಿಭಾಗ, ಕ್ರಮಸಂಖ್ಯೆ ಅರವತ್ತೊಂದು ಎಂದು ಸೇರಿಸಿದರು. ಪೋಷಕರ ಫೋನ್ ನಂಬರ್ ಕೊಡದೆ ಅರ್ಜಿ ಮುಂದೆ ಹೋಗದು. ಗಾಜಣ್ಣನ ತಂದೆತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಹೆಂಡತಿಯ ನಂಬರ್ ಕೊಟ್ಟ.

ಅಂದಿನಿಂದ ದಿನವೂ ಆ ದೃಶ್ಯ ಕಾಣುತ್ತಿತ್ತು. ಖಾಲಿ ಕೊಠಡಿಯ ನಡುವೆ ಐವತ್ತಾರು ವರ್ಷದ ಮನುಷ್ಯ, ಪ್ಯಾಂಟನ್ನು ಮೊಣಕಾಲಿಗೆ ಮಡಿಸಿಕೊಂಡು, ಗಾಳಿಯನ್ನು ಉಜ್ಜುತ್ತಿದ್ದ. ಆಮೇಲೆ ಕಿಟಕಿ ಇಲ್ಲದ ಕಡೆಗೆ ತಿರುಗಿ ಏನೂ ಇಲ್ಲದ ಕೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಮ್ಮೊಮ್ಮೆ ತಲೆಯಾಡಿಸಿ ಮತ್ತೆ ಉಜ್ಜುತ್ತಿದ್ದ.

"ಅಲ್ಲಯ್ಯ, ಮೂವತ್ತು ಸಲ ಆಯ್ತಲ್ಲ" ಎಂದೆ ನಾನು ಒಂದು ದಿನ.

"ಕಲೆ ಹೋಗಿದೆ ಮೇಷ್ಟ್ರೇ. ಆದ್ರೆ ನೀರು ಸರಿಯಾಗಿ ಇಳೀತಿಲ್ಲ."

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದು ಗಾದೆಯಲ್ಲಿ ಓದಿದ್ದೆ. ಭುಜಕ್ಕೆ ಮುಲಾಮು ಹಚ್ಚಿಕೊಂಡು ಬರುವ ಮನುಷ್ಯನನ್ನು ಕಣ್ಣಾರೆ ಕಂಡದ್ದು ಆಗಲೇ.

ಅಷ್ಟರಲ್ಲಿ ಮನೆಯಲ್ಲಿ ಬೇರೆ ಕಥೆ. ಕ್ರಮಸಂಖ್ಯೆ ಅರವತ್ತೊಂದು ದಿನಾ ಹಾಜರಾಗುತ್ತಾನೆ, ಪ್ರಯೋಗ ಮಾತ್ರ ಒಂದನ್ನೂ ಮಾಡುವುದಿಲ್ಲ ಎಂದು ಆ ಯಂತ್ರ ಕಂಡುಹಿಡಿದಿತ್ತು. ಸಂಜೆಯಾದರೆ ಗಾಜಣ್ಣನ ಹೆಂಡತಿಯ ಫೋನಿಗೆ ಸಂದೇಶ: 'ನಿಮ್ಮ ಮಗು ಇಂದೂ ಪ್ರಯೋಗ ಮುಗಿಸಿಲ್ಲ. ಗದರಿಸದೆ ಪ್ರೀತಿಯಿಂದ ವಿಚಾರಿಸಿ.' ಹತ್ತು ಸಂದೇಶವಾದ ಮೇಲೆ, ಪೋಷಕರು ಶಿಕ್ಷಕರನ್ನು ಬಂದು ಕಾಣದಿದ್ದರೆ ಈ ವಿದ್ಯಾರ್ಥಿಗೆ ಪ್ರವೇಶವಿಲ್ಲ ಎಂದು ಬಂತು. ಶನಿವಾರ ಆಕೆ ಬಂದರು, ಉಳಿದ ತಾಯಂದಿರ ಜೊತೆ ಬೆಂಚಿನ ಮೇಲೆ ಕೂತರು. ಗಾಜಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ಮೇಡಂ ನಗು ತಡೆದುಕೊಂಡು ಕೇಳಿದರು. "ಮನೇಲಿ ಹೇಗಿರ್ತಾರೆ?"

"ಮನೇಲಿ ಕುಡಿದ ಲೋಟ ಎತ್ತಿಡಲ್ಲ ಮೇಡಂ. ಇಲ್ಲಿ ಬಂದು ಇಲ್ಲದ್ದನ್ನೆಲ್ಲ ತೊಳೀತಾರಂತೆ." ಆಕೆ ಗಂಡನ ಕಡೆ ತಿರುಗಿದರು. "ಏನ್ರೀ, ಪ್ರೀತಿಯಿಂದ ವಿಚಾರಿಸಬೇಕಂತೆ. ಯಾಕ್ರೀ ಪ್ರಯೋಗ ಮುಗಿಸಲ್ಲ?"

"ನಾನೂ ಪ್ರಯೋಗ ಮಾಡಿದ್ರೆ ತೊಳೆಯೋರು ಯಾರೇ?"

ಪಕ್ಕದಲ್ಲಿದ್ದ ಒಬ್ಬ ತಾಯಿ ಇವರಿಬ್ಬರನ್ನೂ ನೋಡಿ, ತನ್ನ ಮಗನನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಆಗಸ್ಟ್ ಮುಗಿಯುವ ಹೊತ್ತಿಗೆ ರಾಶಿ ಕರಗಿತು. ತಪಾಸಣೆಯ ದಿನ ಗೊತ್ತಾದಾಗ ಪ್ರಿನ್ಸಿಪಾಲರು ಗಾಜಣ್ಣನನ್ನು ಕರೆಸಿ ಬಾಗಿಲು ಮುಂದೆ ಮಾಡಿದರು. ನಾನೂ ಮೇಡಮ್ಮೂ ಅಲ್ಲಿದ್ದೆವು.

"ನೋಡಪ್ಪ, ಸಾಹೇಬರು ಬಂದಾಗ ಒಳಗೆ ಮುಸುರೆ ಬಿದ್ದಿರಬೇಕು. ರಾಶಿ ನೋಡಿದ್ರೆ ತಾನೇ ಅಟೆಂಡರ್ ಬೇಕು ಅನ್ನಿಸೋದು? ಇನ್ನು ಮೂರು ದಿನ ನೀನು ಕನ್ನಡಕ ಮುಟ್ಟಬೇಡ."

"ಮೂರು ದಿನಾನಾ ಸಾರ್?"

"ನಿನ್ನ ಅನ್ನದ ಪ್ರಶ್ನೆ ಕಣಯ್ಯ."

ಗಾಜಣ್ಣ ಒಪ್ಪಿದ. ಮಕ್ಕಳಿಗೂ ಮೇಡಂ ಸೂಚನೆ ಕೊಟ್ಟರು. ಇಷ್ಟು ಸಂತೋಷದಿಂದ ಮಕ್ಕಳು ಯಾವ ಹೋಂವರ್ಕನ್ನೂ ಮಾಡಿರಲಿಲ್ಲ. ಮೂರು ದಿನದಲ್ಲಿ ಮುನ್ನೂರಕ್ಕೂ ಹೆಚ್ಚು ಪಾತ್ರೆ ಬಿತ್ತು. ಬೇಡವಾದ ಬಣ್ಣವನ್ನೆಲ್ಲ ಬೆರೆಸಿ ತಳ ಹಿಡಿಸಿದರು.

ತಪಾಸಣೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾನು ಪ್ರಯೋಗಾಲಯಕ್ಕೆ ಇಣುಕಿದಾಗ ಗಾಜಣ್ಣ ಸ್ಟೂಲಿನ ಮೇಲೆ ಕೂತು ಭುಜ ನೀವಿಕೊಳ್ಳುತ್ತಿದ್ದ. ಅಂಗಿ ಬೆವರಿನಿಂದ ಅಂಟಿಕೊಂಡಿತ್ತು.

"ಏನು ಮಾಡಿದೆ?"

"ಒಂದು ಸಲ ನೋಡ್ಕೊಂಡು ಬರೋಣ ಅಂತ ಐದಕ್ಕೇ ಬಂದೆ ಮೇಷ್ಟ್ರೇ."

"ನೋಡಿಕೊಂಡು?"

ಅವನು ಪ್ಯಾಂಟಿನ ಮಡಿಕೆ ಬಿಡಿಸತೊಡಗಿದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅದನ್ನು ಸುಡಲು ನಮ್ಮ ಬಳಿ ಹೊತ್ತೂ ಇರಲಿಲ್ಲ. ಹೊರಗೆ ಜೀಪಿನ ಬಾಗಿಲು ಬಡಿದ ಸದ್ದಾಯಿತು.

ತಪಾಸಣಾಧಿಕಾರಿ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕೈಯಲ್ಲಿ ನಾಲ್ಕು ಪುಟದ ನಮೂನೆ. ಮೇಡಂ ಕನ್ನಡಕ ಕಟ್ಟಿದರು, ಹಿಡಿಕೆ ಕೊಟ್ಟರು. ಸಾಹೇಬರು ಖಾಲಿ ಕೊಠಡಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿದರು.

"ಒಂದೂ ಕೊಳೆ ಪಾತ್ರೆ ಇಲ್ಲವಲ್ಲ."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಗಾಜಣ್ಣನ ಮುಖ ನೋಡಿದೆ. ಅವನು ಸಾಹೇಬರ ಕಾಲನ್ನು ನೋಡುತ್ತಿದ್ದ.

"ಸಾಹೇಬರೇ, ಸ್ವಲ್ಪ ಎಡಕ್ಕೆ ಬನ್ನಿ. ಪಿಪೆಟ್ಟಿಗೆ ತಾಗುತ್ತೆ."

ಸಾಹೇಬರು ಎಡಕ್ಕೆ ಸರಿದರು. "ತೊಳೆಯೋದು ಏನೂ ಇಲ್ಲ ಅಂದ ಮೇಲೆ ಅಟೆಂಡರಿಗೆ ಕೆಲಸ ಏನು?" ಎನ್ನುತ್ತ ಕನ್ನಡಕವನ್ನು ಹಣೆಗೆ ಏರಿಸಿ, ನಮೂನೆಯಲ್ಲಿ ಏನೋ ಬರೆಯಲು ಪೆನ್ನು ತೆಗೆದರು. ಬರೆಯುವ ಮೊದಲು ಪುಟ ಓದಿದರು. ಓದಿ ನಿಂತರು.

"ಇಲ್ಲಿ ಕೊಳೆ ಇದೆಯೋ ಇಲ್ಲವೋ ಅಂತ ಕೇಳಿಲ್ಲ" ಎಂದರು ತಮಗೆ ತಾವೇ. "ಗಾಜಿನ ಸಾಮಾನು ಎಷ್ಟು, ಅಧಿಕಾರಿ ಖುದ್ದು ಎಣಿಸಿ ಬರೆಯತಕ್ಕದ್ದು. ಎಣಿಸಲಾಗದಿದ್ದರೆ ಸೊನ್ನೆ."

ಮತ್ತೆ ಕನ್ನಡಕ ಇಳಿಯಿತು. ಸಾಹೇಬರು ಬೆರಳು ಚಾಚಿ ಎಣಿಸತೊಡಗಿದರು. ಎರಡು ತಿಂಗಳ ಪಾತ್ರೆಗಳನ್ನು ಗಾಜಣ್ಣ ನೆಲದಿಂದ ಛಾವಣಿಯವರೆಗೆ ಗಾಳಿಯಲ್ಲೇ ಹತ್ತು ಹತ್ತರ ಸಾಲಿನಲ್ಲಿ ನಿಲ್ಲಿಸಿದ್ದನಂತೆ, ಪ್ರನಾಳಕ್ಕೆ ಒಂದು ಗೋಡೆ, ಬೀಕರಿಗೆ ಒಂದು ಗೋಡೆ. ನಮಗೆ ಕಂಡದ್ದು ಇಷ್ಟೇ: ಇಲಾಖೆಯ ಅಧಿಕಾರಿಯೊಬ್ಬರು ಬರಿಯ ಗೋಡೆಗೆ ಬೆರಳು ತೋರಿಸುತ್ತ, ಮೊದಲು ಬಗ್ಗಿ, ಆಮೇಲೆ ತುದಿಗಾಲಲ್ಲಿ ನಿಂತು, "ನಾನೂರ ಹತ್ತು, ನಾನೂರ ಇಪ್ಪತ್ತು" ಎನ್ನುತ್ತಿದ್ದರು. ಕೊನೆಯ ಸಾಲುಗಳಿಗೆ ಸ್ಟೂಲು ಕೇಳಿದರು. ಗಾಜಣ್ಣ ಸ್ಟೂಲು ಹಿಡಿದುಕೊಂಡ.

ಮುಕ್ಕಾಲು ಗಂಟೆಯಾದ ಮೇಲೆ ಅವರು ಕೆಳಗಿಳಿದು ಬರೆದರು: ಎರಡು ಸಾವಿರದ ಇನ್ನೂರ ಐವತ್ತು. ರುಜು ಹಾಕಿದರು.

ಹೊರಗೆ ಬಂದು ಪ್ರಿನ್ಸಿಪಾಲರು ನೀರು ಕುಡಿದರು. "ಆ ರಾಶಿ ಹಾಗೇ ಇದ್ದಿದ್ರೆ ಮುಳುಗ್ತಿದ್ವಿ ಮೇಷ್ಟ್ರೇ. ಬ್ರಹ್ಮ ಬಂದ್ರೂ ಎಣಿಸೋಕಾಗ್ತಿರಲಿಲ್ಲ" ಎಂದರು. ಮೂರು ದಿನ ತೊಳೆಯಬೇಡ ಎಂದವರು ತಾವೇ ಎಂಬುದನ್ನು ಅವರು ಅಷ್ಟರಲ್ಲಿ ಮರೆತಿದ್ದರು. ನಾನು ನೆನಪಿಸಲು ಹೋಗಲಿಲ್ಲ.

ಅಕ್ಟೋಬರಿನಲ್ಲಿ ಆದೇಶ ಬಂತು. ಐನೂರು ಗಾಜಿನ ಸಾಮಾನಿಗೆ ಒಬ್ಬ ಅಟೆಂಡರ್ ಎಂಬುದು ಇಲಾಖೆಯ ಹಳೆಯ ನಿಯಮ. ಅದರಂತೆ ಗಾಜಣ್ಣನ ಹುದ್ದೆಯನ್ನು ಮುಂದುವರಿಸಿದ್ದರು. ಅಲ್ಲದೆ ಈವರೆಗೆ ಒಬ್ಬನಿಂದಲೇ ಇಷ್ಟು ಕೆಲಸ ಮಾಡಿಸಿದ್ದಕ್ಕೆ ಶಾಲೆಯನ್ನು ಆಕ್ಷೇಪಿಸಿ, ಇನ್ನೂ ಮೂವರು ಪೂರ್ಣಕಾಲದ ಮತ್ತು ಒಬ್ಬ ಅರ್ಧಕಾಲದ ಅಟೆಂಡರನ್ನು ಮಂಜೂರು ಮಾಡಿದ್ದರು. ನಾನು ಭಾಗಾಕಾರ ಮಾಡಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು.

ಆದೇಶವನ್ನು ಗಾಜಣ್ಣನಿಗೆ ನಾನೇ ಓದಿ ಹೇಳಿದೆ. ತನ್ನ ಹುದ್ದೆಯ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡ. ಆಮೇಲೆ ಕನ್ನಡಕವನ್ನು ಕೈಗೆ ತೆಗೆದುಕೊಂಡು, ಪಟ್ಟಿ ಸಡಿಲಿಸಿದ.

"ಮೇಷ್ಟ್ರೇ, ಒಂದು ಸಂದೇಹ. ಆ ಅರ್ಧಕಾಲದವನು ಪ್ರನಾಳದ ಒಳಗಡೆ ತೊಳೀತಾನೋ, ಹೊರಗಡೆ ತೊಳೀತಾನೋ?"

"ಅವನು ಬಂದ ಮೇಲೆ ಕೇಳೋಣ" ಎಂದೆ.

"ಒಳಗಡೆ ನಾನೇ ತೊಳೀತೀನಿ. ಅದನ್ನ ಯಾರಿಗೂ ಬಿಡೋಕಾಗಲ್ಲ" ಎಂದು ಗಾಜಣ್ಣ ಪ್ಯಾಂಟು ಮಡಿಸಿಕೊಂಡ.