ಹೊತ್ತ ಮೇಲೆ ನಡುವೆ ಇಳಿಸುವಂತಿಲ್ಲ

ನಮ್ಮ ಹಮಾಲರ ಸಂಘದ ನಾಯಕರು ಕಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇಳಿದ ಕೂಡಲೇ ನಮ್ಮಲ್ಲೊಬ್ಬ ಅವರ ಚರ್ಮದ ಬ್ಯಾಗು ಇಸಿದುಕೊಳ್ಳಬೇಕು, ಇನ್ನೊಬ್ಬ ಕೊಡೆ ಹಿಡಿಯಬೇಕು. ತರೀಕೆರೆಯ ಮಂಡಿ ಬೀದಿಯಲ್ಲಿ ಅಡಿಕೆ ಮೂಟೆಗಳ ಮೇಲೆ ಹತ್ತಿ ನಿಂತು, "ಬಂಧುಗಳೇ, ನಿಮ್ಮೆಲ್ಲರ ಭಾರ ನನ್ನ ಹೆಗಲ ಮೇಲಿದೆ!" ಎಂದು ಗುಡುಗುತ್ತಿದ್ದರು. ಆ ಹೆಗಲು ಇಸ್ತ್ರಿ ಮಾಡಿದ ಜುಬ್ಬದೊಳಗೆ ಸುಖವಾಗಿತ್ತು. ಆದರೂ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಭಾಷಣ ಮುಗಿಯುವವರೆಗೆ ಮೂಟೆ ಹೊರುವುದು ತಪ್ಪುತ್ತಿತ್ತಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಮಂಡಿ ಸೇರಿದ್ದ ನನಗೆ ಮೂಟೆ ಹೊರುವುದನ್ನು ಕಲಿಸಿದವನು ಅಜ್ಜಂಪುರದ ಕಡೆಯ ಒಬ್ಬ ಹಿರಿಯ ಹಮಾಲ. ಅವನು ಮೊದಲ ದಿನವೇ ಹೇಳಿದ್ದ: "ಹೊತ್ತ ಮೇಲೆ ನಡುವೆ ಇಳಿಸ್ಬಾರ್ದು ಕಣೋ. ಇಳಿಸಿದ್ರೆ ಮತ್ತೆ ಎತ್ತೋಕೆ ಇಬ್ರು ಬೇಕು. ಜಾಗ ಮುಟ್ಟಿಸಿಯೇ ಇಳಿಸ್ಬೇಕು." ಮಂಡಿಯಲ್ಲಿ ಎಲ್ಲರೂ ಅದನ್ನು ಪಾಲಿಸುತ್ತಿದ್ದರು.

ಒಂದು ದಿನ ಲಾರಿಗೆ ಒರಗಿಸಿದ್ದ ಹಲಗೆ ಜಾರಿ ಅವನೇ ಮೂಟೆ ಸಮೇತ ಬಿದ್ದು ಸೊಂಟ ಮುರಿದುಕೊಂಡ. ಕೋಲೂರಿ ಓಡಾಡುವಂತಾದ, ಆದರೆ ಇನ್ನು ಮೂಟೆ ಹೊರುವಂತಿರಲಿಲ್ಲ. ಕೂತಲ್ಲೇ ಚೀಲದ ಬಾಯಿ ಹೊಲಿಯುವ ಕೆಲಸ ಅವನಿಗೆ ಕೊಡಿ ಎಂದು ಮಂಡಿಯ ಸಾಹುಕಾರರನ್ನು ಕೇಳಿದೆವು. ಅವರು ಒಪ್ಪಲಿಲ್ಲ. ನಾವು ಕೆಲಸ ನಿಲ್ಲಿಸಿದೆವು. ಬೇಡಿಕೆ ಇದ್ದದ್ದು ಅದೊಂದೇ.

ನಾಯಕರು ಮಾತುಕತೆಗೆಂದು ಸಾಹುಕಾರರ ಮಂಡಿಯೊಳಗೆ ಹೋದರು. ನಾವು ಬಿಸಿಲಿನಲ್ಲಿ ಕಾದೆವು. ಒಳಗಿನಿಂದ ಕಾಫಿಯ ವಾಸನೆ ಬಂತು, ಆಮೇಲೆ ಉಪ್ಪಿಟ್ಟಿನದು, ಆಮೇಲೆ ನಗು. ಕೊನೆಗೆ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದ ನಾಯಕರು ಕೈ ಎತ್ತಿ, "ಜಯ ನಮ್ಮದೇ!" ಎಂದರು.

ನಮಗೆ ಅಷ್ಟೇ ಸಾಕಾಯಿತು. ಹಾರ ಹಾಕಿ ಹೆಗಲ ಮೇಲೆ ಎತ್ತಿಕೊಂಡು, ಜೈಕಾರ ಕೂಗುತ್ತಾ ಬಸ್ ಸ್ಟ್ಯಾಂಡಿನ ಕಡೆ ಹೊರಟೆವು. ಅವರ ಎಡಗಾಲು ನನ್ನ ಹೆಗಲ ಮೇಲಿತ್ತು. ಅರ್ಧ ದಾರಿಯಲ್ಲಿ ತಲೆ ಎತ್ತಿ ಕೇಳಿದೆ:

"ಹೊಲಿಯೋ ಕೆಲ್ಸ ಯಾವತ್ತಿಂದ ಸಾ?"

"ಅದು ಮುಂದಿನ ಹಂತದಲ್ಲಿ ಕಣಯ್ಯಾ. ಸದ್ಯಕ್ಕೆ ಸಂಘದ ಬೋರ್ಡು ಹಾಕೋಕೆ ಅವರ ಗೋಡೆ ಕೊಟ್ಟಿದ್ದಾರೆ. ಅಧ್ಯಕ್ಷರ ಹೆಸರು ದೊಡ್ಡದಾಗಿ ಬರುತ್ತೆ."

ಸಂಘದ ಅಧ್ಯಕ್ಷರೆಂದರೆ ಈ ನಾಯಕರೇ. ನನ್ನ ಮೈ ಉರಿದುಹೋಯಿತು. ಕೋಲೂರಿಕೊಂಡು ನಮ್ಮ ಹಿಂದೆ ಜೈಕಾರ ಕೂಗುತ್ತಾ ಬರುತ್ತಿದ್ದ ಹಿರಿಯನನ್ನು ತಿರುಗಿ ನೋಡಲು ನಾಚಿಕೆಯಾಯಿತು. ಬಲಗಾಲು ಹೊತ್ತಿದ್ದವನು ನನ್ನ ಮುಖ ನೋಡಿದ. ಇಬ್ಬರೂ ಬಂದ ದಾರಿಗೇ ತಿರುಗಿದೆವು. ಉಳಿದವರೂ ತಿರುಗಿದರು.

"ಏ, ಬಸ್ ಸ್ಟ್ಯಾಂಡು ಆ ಕಡೆ ಕಣ್ರೋ! ಇಳಿಸ್ರೋ ನನ್ನ!"

"ಹೊತ್ತ ಮೇಲೆ ನಡುವೆ ಇಳಿಸೋ ಪದ್ಧತಿ ಇಲ್ಲ ಸಾ," ಎಂದ ಬಲಗಾಲಿನವನು.

ಬಜಾರಿನ ಜನ ಅಂಗಡಿ ಬಿಟ್ಟು ಈಚೆ ಬಂದರು. ಹೂವಿನ ಹಾರ ಕಿವಿಗೆ ಸಿಕ್ಕಿಕೊಂಡು, ಒಂದು ಚಪ್ಪಲಿ ಕಳಚಿ ಬಿದ್ದು, ನಾಯಕರು ಸಮಾಜವಾದವನ್ನೂ ಪೊಲೀಸರನ್ನೂ ಒಟ್ಟಿಗೇ ಕರೆಯುತ್ತಿದ್ದರು. ನಾವು ಸೀದಾ ಮಂಡಿಯೊಳಗೆ ಹೋಗಿ, ಅಡಿಕೆ ತೂಗುವ ತಕ್ಕಡಿಯ ಹಲಗೆಯ ಮೇಲೆ ಅವರನ್ನು ಮೆಲ್ಲಗೆ ಇಳಿಸಿದೆವು.

"ನಿಮ್ಮ ಮಾಲು ಬಂದೈತೆ ಸಾಹುಕಾರ್ರೇ, ಇಳಿಸ್ಕಳ್ಳಿ," ಎಂದೆ.

ಸಾಹುಕಾರರು ನಗು ತಡೆಯಲಾಗದೆ ಟವೆಲ್ಲು ಬಾಯಿಗೆ ಒತ್ತಿಕೊಂಡರು. ಆದರೆ ಮರುದಿನವೂ ಯಾರೂ ಮೂಟೆ ಮುಟ್ಟದೆ, ಲಾರಿಗಳು ಸಾಲಾಗಿ ನಿಂತು ಡ್ರೈವರುಗಳು ಬೈಯತೊಡಗಿದಾಗ ಆ ನಗು ನಿಂತಿತು. ಸಂಜೆಯ ಹೊತ್ತಿಗೆ ಚೀಲ ಹೊಲಿಯುವ ದಬ್ಬಳವನ್ನೂ ಹುರಿಯನ್ನೂ ತಾವೇ ತಂದು ನಮ್ಮ ಹಿರಿಯನ ಕೈಗೆ ಕೊಟ್ಟರು.

ಎಂಬತ್ತರ ದಶಕದಲ್ಲಿ ನಾಯಕರು ಪಕ್ಷ ಸೇರಿ, ಟಿಕೆಟ್ಟು ಗಿಟ್ಟಿಸಿ, ಓಟು ಕೇಳಲು ಮಂಡಿ ಬೀದಿಗೇ ಬಂದರು. ಹಾರ ಹಿಡಿದು ನಾವು ನಾಲ್ಕು ಜನ ಹತ್ತಿರ ಹೋಗಿದ್ದೇ ತಡ, ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ, ಬೇಡ! ನಡ್ಕೊಂಡೇ ಬತ್ತೀನಿ."

ಬಾಗಿಲಲ್ಲಿ ಕೂತಿದ್ದ ನಮ್ಮ ಹಿರಿಯ, ಚೀಲಕ್ಕೆ ಚುಚ್ಚಿದ ದಬ್ಬಳವನ್ನು ಎಳೆಯುತ್ತಾ, ತಲೆ ಎತ್ತದೆ ಹೇಳಿದ:

"ನಡೀರಿ ಸಾಮಿ, ಅಭ್ಯಾಸ ಆಗ್ಲಿ."