ಚಿಮಣಿ ಇಲ್ಲದ ಇಂಜಿನ್ನು

ನನ್ನ ಕೈ ಚೆನ್ನಾಗಿತ್ತು. ಇದನ್ನು ನಾನೇ ಹೇಳಿಕೊಳ್ಳಬೇಕು, ಹೇಳಬೇಕಾದವರು ಯಾರೂ ಹೇಳಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಗೋರೆಗಾಂವ್‌ನ ಒಂದು ಪ್ರೆಸ್ಸಿನಲ್ಲಿ ನಾನು ರೀಟಚ್ ಕೆಲಸ ಮಾಡುತ್ತಿದ್ದೆ. ಅಚ್ಚಿಗೆ ಬಂದ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿದು, ಬಣ್ಣಕ್ಕೊಂದರಂತೆ ನಾಲ್ಕು ಫಿಲ್ಮ್ ತೆಗೆಯುತ್ತಿದ್ದರು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಆ ಫಿಲ್ಮುಗಳನ್ನು ಹರಡಿಕೊಂಡು, ಸಣ್ಣ ಬ್ರಷ್ಷಿನಿಂದ ಕಲೆ ಮುಚ್ಚುವುದು, ನೆರಳು ತುಂಬುವುದು ನನ್ನ ಕೆಲಸ.

ನಮ್ಮಲ್ಲಿ ಹೆಚ್ಚಾಗಿ ದೇವರ ಕ್ಯಾಲೆಂಡರು. ಬರೆಯುವ ಚಿತ್ರಗಾರರಿಗೆ ಅವಸರ. ಒಮ್ಮೆ ಸರಸ್ವತಿಯ ಕೈಗೆ ಆರು ಬೆರಳು ಬಂದಿದ್ದವು, ಇನ್ನೊಮ್ಮೆ ಕೃಷ್ಣನ ಆಕಳಿಗೆ ಮೂರೇ ಕಾಲು. ಮೊದಮೊದಲು ನಾನು ಇಂಥದ್ದನ್ನು ಹಿಡಿದುಕೊಂಡು ಪ್ರೆಸ್ಸಿನ ಮಾಲೀಕರಾದ ಶೇಠರ ಕೋಣೆಗೆ ಓಡುತ್ತಿದ್ದೆ. ಅವರು ತಲೆ ಎತ್ತದೆ, "ಗಲ್ತಿ ದಿಖೇ ತೋ ಠೀಕ್ ಕರೋ, ಪೂಛೋ ಮತ್" ಅನ್ನುತ್ತಿದ್ದರು. ತಪ್ಪು ಕಂಡರೆ ಸರಿಮಾಡು, ಕೇಳಲು ಬರಬೇಡ. ಗಿರಾಕಿ ಮಾದರಿ ಅಚ್ಚು ನೋಡಿ ಒಪ್ಪಿ, ಆ ಪ್ರೂಫಿನ ಮೇಲೆ ಸಹಿ ಹಾಕಿದ ಮೇಲೂ ನಾವು ಬೆರಳು ಕಡಿಮೆ ಮಾಡುತ್ತಿದ್ದೆವು, ಕಾಲು ಸೇರಿಸುತ್ತಿದ್ದೆವು. ಯಾರೂ ಏನೂ ಅನ್ನಲಿಲ್ಲ. ಹೀಗೆ ನಾಲ್ಕು ವರ್ಷ ಟೆಂಪರರಿಯಾಗಿಯೇ ಕಳೆದೆ. ಆ ವರ್ಷ ದೀಪಾವಳಿಗೆ ಪರ್ಮನೆಂಟ್ ಮಾಡುತ್ತೇನೆಂದು ಶೇಠರು ಬಾಯಿಬಿಟ್ಟು ಹೇಳಿದ್ದರು. ನಾನು ದಿನ ಎಣಿಸುತ್ತಿದ್ದೆ.

ಮನೆ ಜೋಗೇಶ್ವರಿಯ ಚಾಳಿನಲ್ಲಿ ಒಂದು ಕೋಣೆ. ಅಪ್ಪ, ಅವ್ವ, ನಾನು. ಅಪ್ಪ ಧಾರವಾಡದ ಕಡೆಯಿಂದ ಬಂದು ರೈಲ್ವೆ ಸೇರಿ, ಮೂವತ್ತು ವರ್ಷ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕಿದವನು. ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದ ಕಾರಣ ಡ್ರೈವರ್ ಆಗಲಿಲ್ಲ. ಫೈರ್‌ಮನ್ನಾಗಿ ಸೇರಿ ಫೈರ್‌ಮನ್ನಾಗಿಯೇ ನಿವೃತ್ತನಾದ. ಆ ಸಿಟ್ಟನ್ನು ರೈಲ್ವೆಯ ಮೇಲೆ ಎಂದೂ ತೋರಿಸಲಿಲ್ಲ, ನಮ್ಮ ಮೇಲೆ ತೋರಿಸಿದ. ನನ್ನ ಕೆಲಸವನ್ನು "ಗೊಂಬಿಗೆ ಬಣ್ಣಾ ಬಳಿಯೂದು" ಅನ್ನುತ್ತಿದ್ದ. ನಾನು ಮನೆಗೆ ತಂದ ಕ್ಯಾಲೆಂಡರುಗಳಲ್ಲಿ ಒಂದನ್ನೂ ಅವನು ಕಣ್ಣೆತ್ತಿ ನೋಡಿದ್ದಿಲ್ಲ.

ಆಗ ಆ ಚಿತ್ರ ಬಂತು. ಫೋರ್ಟ್ ಕಡೆಯ ಯಾವುದೋ ಕಂಪನಿಯವರು ಕಟ್ಟು ಹಾಕಿಸಿ ತಮ್ಮ ಗಿರಾಕಿಗಳಿಗೆ ಕೊಡಲು, ದಪ್ಪ ಕಾಗದದ ಮೇಲೆ ಐನೂರು ಪ್ರತಿ ಬೇಕೆಂದಿದ್ದರು. ವಿಲಾಯತಿಯಲ್ಲಿ ಬಹಳ ಹಿಂದೆ ಪ್ರಯೋಗಕ್ಕೆಂದು ಕಟ್ಟಿದ ಉಗಿ ಇಂಜಿನ್ನಿನ ಬಣ್ಣದ ಚಿತ್ರ. ಯಾರು ಬರೆದದ್ದೋ ನನಗೆ ಗೊತ್ತಿರಲಿಲ್ಲ. ಹಸಿರು ಮೈ, ಉದ್ದಕ್ಕೂ ನುಣುಪು, ಮುಚ್ಚಿದ ಡಬ್ಬಿಯ ಹಾಗೆ. ಪ್ರೂಫು ಪಾಸಾಗಿ, ಮೂಲೆಯಲ್ಲಿ ಸಹಿಯೂ ಬಿತ್ತು. ನಾನು ಹೆಚ್ಚಿನ ಒಂದು ಪ್ರೂಫನ್ನು ಪೇಪರಿನಲ್ಲಿ ಸುತ್ತಿ, ಲೋಕಲ್‌ನಲ್ಲಿ ಎದೆಗೆ ಅವಚಿಕೊಂಡು ಮನೆಗೆ ತಂದೆ. ಇಂಜಿನ್ನಾದರೂ ನೋಡುತ್ತಾನೋ ಎಂದು.

ನೋಡಿದ. ಭಾನುವಾರ ಬೆಳಗ್ಗೆ ಬಾಗಿಲ ಬೆಳಕಿಗೆ ಹಾಸಿಕೊಂಡು, ಕಣ್ಣಿಗೆ ಚಾಳಿಸು ಏರಿಸಿ, ಚಹಾ ಆರುವವರೆಗೆ ನೋಡಿದ.

"ಇದೆಂಥಾ ಇಂಜಿನ್ನಲೇ? ಚಿಮಣೀನ ಇಲ್ಲ."

"ಹೊಸಾ ನಮೂನಿ ಅಂತಪ್ಪಾ. ಪ್ರಯೋಗಕ್ಕ ಮಾಡಿದ್ದಂತ."

"ಪ್ರಯೋಗರ ಮಾಡಲಿ, ಏನರ ಮಾಡಲಿ. ಕಲ್ಲಿದ್ದಲಿ ಉರದ ಮ್ಯಾಲ ಹೊಗಿ ಎಲ್ಲಿಂದರ ಹೊರಗ ಹೋಗಬೇಕಲ್ಲ? ಇದನ್ನ ಬರದಾಂವ ಜನ್ಮದಾಗ ಇಂಜಿನ್ನ ನೋಡಿಲ್ಲ. ತಾ ನಿನ್ನ ಪೆನ್ಸಿಲ್."

ನನ್ನ ಪೆನ್ಸಿಲನ್ನು ಅವನು ಕೇಳಿದ್ದು ಅದೇ ಮೊದಲು. ಚಿಮಣಿ ಎಲ್ಲಿ ಕೂರಬೇಕು, ಅಂಚು ಎಷ್ಟು ದಪ್ಪ, ಓಟ ಜೋರಾದರೆ ಹೊಗೆ ಎಷ್ಟು ಬಾಗುತ್ತದೆ, ಎಲ್ಲ ಹೇಳಿದ. ತಾನೇ ಗೆರೆ ಎಳೆದು ತೋರಿಸಿದ. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಬೈಯದೆ. ಮಧ್ಯಾಹ್ನ ರೊಟ್ಟಿ ತಿನ್ನುವಾಗಲೂ ಮಾತು ನಿಲ್ಲಲಿಲ್ಲ. ಅವ್ವ ಒಲೆಯ ಹತ್ತಿರ ಕೂತು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನನಗೆ ಇಪ್ಪತ್ತಾರು ವರ್ಷ. ಹುಚ್ಚನ ಹಾಗೆ ಖುಷಿಯಾಗಿದ್ದೆ.

ಸೋಮವಾರ, ಮಂಗಳವಾರ ಎರಡು ದಿನ ಕೂತು, ನಾಲ್ಕೂ ಫಿಲ್ಮಿನಲ್ಲಿ ಚಿಮಣಿ ಕೂರಿಸಿದೆ. ಅಪ್ಪ ಹೇಳಿದಷ್ಟೇ ಎತ್ತರ, ಅಷ್ಟೇ ಬಾಗಿದ ಹೊಗೆ. ಮೆಷಿನ್ನಿನವರಿಗೂ ಸಂಶಯ ಬರಲಿಲ್ಲ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಮುಂದೆಯೂ ಆಗಲಿಲ್ಲ.

ಐನೂರೂ ಅಚ್ಚಾದ ಮೇಲೆ ಕಂಪನಿಯ ಮುದುಕ ಸಾಹೇಬರೊಬ್ಬರು ತಾವೇ ನೋಡಲು ಬಂದರು. ಬಿಳಿಯವರು. ಮೇಲಿನ ಹಾಳೆ ಎತ್ತಿ ನೋಡಿದರು, ಕೆಳಗಿನದನ್ನು ಎತ್ತಿ ನೋಡಿದರು. ಈ ಚಿಮಣಿ ಯಾರು ಇಟ್ಟರೆಂದು ಇಂಗ್ಲಿಷಿನಲ್ಲಿ ಕೇಳಿದರು. ಶಹಬ್ಬಾಸ್ ಅನ್ನುತ್ತಾರೆಂದುಕೊಂಡು ನಾನು ಮುಂದೆ ಬಂದು, "ನಾನು, ಸರ್" ಅಂದೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವರು ರೇಗಲಿಲ್ಲ. ಅದೇ ಇಂಜಿನ್ನಿನ ಕೆಲಸದಲ್ಲಿ ಅವರು ಹರೆಯದಲ್ಲಿ ಎಂಜಿನಿಯರ್ ಆಗಿದ್ದರಂತೆ. ಚಿತ್ರವನ್ನೂ ಅವರೇ ಬರೆದದ್ದು. ಹೊಗೆ ಹೋಗುವ ಬಾಯನ್ನು ನೆತ್ತಿಯ ಒಳಗೇ ಅಡಗಿಸಿದ್ದರಂತೆ. "ಈ ಚಿಮಣಿಯನ್ನು ತೆಗೆಯಲು ನಾವು ಮೂರು ವರ್ಷ ತಲೆ ಕೆಡಿಸಿಕೊಂಡೆವು" ಎಂದಷ್ಟೇ ಹೇಳಿ, ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟು ಹೋದರು.

ತಪ್ಪು ಕಂಡರೆ ತಿದ್ದು ಅಂದವರು ನೀವೇ ಅಲ್ಲವೇ ಎಂದು ನಾನು ಶೇಠರಿಗೆ ನೆನಪು ಮಾಡಿದೆ.

"ಭಗವಾನ್ ಕಾ ಕಹಾ ಥಾ, ಸಾಹಬ್ ಕಾ ನಹೀ," ಅಂದರು ಅವರು. ದೇವರ ಚಿತ್ರ ತಿದ್ದು ಅಂದಿದ್ದೆ, ಸಾಹೇಬರದಲ್ಲ. "ಕಲ್ ಸೇ ಮತ್ ಆನಾ." ನಾಳೆಯಿಂದ ಬರಬೇಡ.

ದೇವರು ಪ್ರೆಸ್ಸಿಗೆ ಬಂದು ತನ್ನ ಬೆರಳು ಎಣಿಸುವುದಿಲ್ಲ, ನಿಜ. ದೀಪಾವಳಿಗೆ ಇನ್ನೂ ಒಂದೂವರೆ ತಿಂಗಳಿತ್ತು.

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ಅಪ್ಪಾ, ಆ ಇಂಜಿನ್ನಿಗೆ ಖರೇನ ಚಿಮಣಿ ಇರಲಿಲ್ಲಂತ. ನನ್ನ ಕೆಲಸಾ ಹೋತು."

ಅವನು ಚಾಳಿಸು ತೆಗೆದು ಪಕ್ಕಕ್ಕಿಟ್ಟ. ಎದ್ದು ಬಂದು ಹೆಗಲ ಮೇಲೆ ಕೈ ಇಡುತ್ತಾನೆ ಎಂದುಕೊಂಡಿದ್ದೆ ನಾನು.

"ಸಹಿ ಆದ ಮ್ಯಾಲ ಕೈ ಹಚ್ಚಿದೇನು?"

"ನೀನ ಹೇಳಿದೆಲ್ಲಪ್ಪಾ."

"ನಾ ಏನ್ ಹೇಳೀನಿ? ಮನ್ಯಾಗ ಕುಂತ ಹಂಗ ಮಾತಿಗೆ ಅಂದಿರಬೇಕು. ಮೂವತ್ತ ವರ್ಷ ರೈಲ್ವೇದಾಗ ಇದ್ದೆ, ಮ್ಯಾಲಿನವರ ಆರ್ಡರ್ ಇಲ್ಲದ ಒಂದ ನಟ್ಟ ಸೈತ ಬಿಚ್ಚಿಲ್ಲ. ಕೇಳಬೇಕನ್ನೂ ಬುದ್ಧಿ ನಿನಗ ಇರಬೇಕಿತ್ತು."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳತ್ತ ಒಮ್ಮೆ ನೋಡಿದ. ಅವಳು ತಾಟು ಹಾಕಿದಳು, ನಾವು ಉಂಡೆವು.

ಸುದ್ದಿ ಎಲ್ಲ ಪ್ರೆಸ್ಸುಗಳಿಗೂ ಹಬ್ಬಿತ್ತು, ಯಾರೂ ತೆಗೆದುಕೊಳ್ಳಲಿಲ್ಲ. ಬಾಂದ್ರಾದಲ್ಲಿ ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆದುಕೊಂಡು ದಿನ ನೂಕಿದೆ. ಅಪ್ಪ ಇನ್ನೂ ಆರು ವರ್ಷ ಇದ್ದ. ಔಷಧಿ ತಂದುಕೊಟ್ಟೆ, ಸ್ನಾನ ಮಾಡಿಸಿದೆ, ಕೊನೆಗೆ ಹೆಗಲನ್ನೂ ಕೊಟ್ಟೆ. ಚಾಳಿನವರು ಇಂಥ ಮಗ ಬೇಕು ಅಂದರು. ಚಿಮಣಿಯ ವಿಷಯದಲ್ಲಿ ಅವನು ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ, ಯಾರಾದರೂ ತಪ್ಪುತ್ತಿದ್ದರು. ಆ ಭಾನುವಾರ ನನ್ನ ಪಕ್ಕದಲ್ಲಿ ಕೂತಿದ್ದವನು ತಾನಲ್ಲವೇ ಅಲ್ಲ ಎಂಬಂತೆ ಆಡಿದನಲ್ಲ, ಅದನ್ನು ನಾನು ಈವರೆಗೂ ಕ್ಷಮಿಸಿಲ್ಲ.