ನಮ್ಮ ಬುಟ್ಟಿಯ ತತ್ತಿ ಸಿಪ್ಪೆ

ಮನೆ ಬಾಡಿಗೆಗೆ ಕೊಡುವಾಗ ಮಾಲಕಿ ನನ್ನ ಓದು ಕೇಳಲಿಲ್ಲ. ಕೇಳಲಿ ಎಂದು ನಾನು ಕಾದಿದ್ದೆ. ಬಿ.ಎ., ಬಿ.ಎಡ್. ಎನ್ನಲು ಬಾಯಿ ತುರಿಸುತ್ತಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವ್ವ ತಿಕೋಟಾದ ಶೆಡ್ಡುಗಳಲ್ಲಿ ಒಣದ್ರಾಕ್ಷಿಯ ಕಡ್ಡಿ ಆರಿಸಿ ನನ್ನನ್ನು ಓದಿಸಿದ್ದಳು. ಆದರೆ ಮಾಲಕಿ ಕೇಳಿದ್ದೇ ಬೇರೆ.

"ನೀವು ಯಾವ ಪೈಕಿ?"

ಹೇಳಿದೆ. ಆಕೆ ಅವ್ವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಟೀಚರ್ ಅದೀರಿ ಅಂತ ಕೊಡಾಕತ್ತೇನಿ. ಊರಾಗ ಏನರ ತಿಂದಿರ್ರಿ, ಇಲ್ಲಿ ತತ್ತಿ ಸುದ್ದಾ ಮ್ಯಾಲ ಏರಬಾರದು."

ಅವ್ವ ನನಗಿಂತ ಮೊದಲೇ ತಲೆಯಾಡಿಸಿದಳು. ಅದಕ್ಕೂ ಮುಂಚೆ ವಿಜಯಪುರದ ಎಷ್ಟೋ ಬಾಗಿಲುಗಳಲ್ಲಿ ಅದೇ ಪ್ರಶ್ನೆಗೆ ಉತ್ತರ ಕೊಟ್ಟು, "ಈಗಷ್ಟ ಬ್ಯಾರೇದವರಿಗೆ ಮಾತ ಕೊಟ್ಟೇವಿ" ಎನ್ನಿಸಿಕೊಂಡು ಬಂದಿದ್ದೆವು. ನಾನು ದಿನವೂ ಬಬಲೇಶ್ವರದ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವವಳು. ಈ ಮನೆ ನನಗೆ ಬೇಕಿತ್ತು. ಕೊಟ್ಟ ಮಾತನ್ನು ಮೊದಲು ಮುರಿದವರು ನಾವಲ್ಲ.

ಕೆಳಗೆ ಮಾಲಕಿ, ಅವಳ ಮಗ, ಬಸುರಿ ಸೊಸೆ. ಮೇಲೆ ನಾನು, ಅವ್ವ. ಹಸಿ ಕಸಕ್ಕೆಂದು ಪಾಲಿಕೆಯವರು ಎರಡೂ ಮನೆಗೆ ಒಂದೊಂದು ಹಸಿರು ಬುಟ್ಟಿ ಕೊಟ್ಟಿದ್ದರು. ಒಂದರಲ್ಲೇ ಹಾಕಿದರಾಯಿತು, ಗೇಟಿನ ಹತ್ತಿರ ಜಾಗವಾದರೂ ಉಳಿಯುತ್ತದೆ ಎಂದೆ. "ನಮ್ಮ ಮುಸುರಿ, ನಿಮ್ಮ ಮುಸುರಿ ಕೂಡಬಾರದ್ರಿ," ಎಂದಳು ಮಾಲಕಿ. ಉಂಡು ಬಿಟ್ಟ ಅನ್ನಕ್ಕೂ, ಸುಲಿದ ಸಿಪ್ಪೆಗೂ ಜಾತಿ ಇತ್ತು. ಗಾಡಿಯೊಳಗೆ ಎರಡೂ ಒಂದೇ ಗುಂಪೆಯಾಗುವುದನ್ನು ದಿನವೂ ನೋಡುತ್ತಿದ್ದರೂ ಆಕೆಗೆ ಅದರ ಚಿಂತೆ ಇರಲಿಲ್ಲ. ಸೊಸೆಯನ್ನು ಕರೆದು, ನಮ್ಮ ಬುಟ್ಟಿಯ ಮೇಲೆ ಉಗುರುಬಣ್ಣದಿಂದ ಕೆಂಪು ಗೀಟು ಎಳೆಸಿದಳು.

ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿದರೆ ಓಣಿಯ ಹೆಂಗಸರೆಲ್ಲ ಗೇಟಿಗೆ ಬರುತ್ತಿದ್ದರು. ಹಸಿ ಕಸದಲ್ಲಿ ಗಂಟು ಕಟ್ಟಿದ್ದೇನಾದರೂ ಕಂಡರೆ ಗಾಡಿಯಾಕೆ ಹರಿದು ನೋಡದೆ ಬಿಡುತ್ತಿರಲಿಲ್ಲ. ಪ್ಲಾಸ್ಟಿಕ್ ಕೂಡಿ ಹೋದರೆ ಅವಳಿಗೇ ಬೈಗುಳ. ಒಂದು ದಿನ ನಮ್ಮ ಬುಟ್ಟಿಯ ತಳದಿಂದ ಬಾಯಿ ಬಿಗಿದ ಹಾಲಿನ ಪಾಕೀಟು ಎತ್ತಿ ಹರಿದಳು. ಬಿಳಿ ಸಿಪ್ಪೆಗಳು ಉದುರಿದವು.

"ತತ್ತಿ ಸಿಪ್ಪಿ ಹಸಿ ಕಸಾನ ಅಲ್ರಿ ಯಕ್ಕಾ, ಇದಕ್ಯಾಕ ಪಾಕೀಟ ಕಟ್ಟೀರಿ?"

ಎದುರುಮನೆಯಾಕೆ ಸೆರಗನ್ನು ಮೂಗಿಗೆ ಹಿಡಿದಳು. "ಅಯ್ಯ ಟೀಚರ್, ನಿಮ್ಮವ್ವ ಮ್ಯಾಲ ಕೋಳಿ ಸಾಕ್ಯಾಳೇನ್ರಿ? ಮುಂಜಾನೆ ಕೂಗಿದ್ದು ಕೇಳಿಲ್ಲಲ್ಲ!"

ಎಲ್ಲರೂ ನಕ್ಕರು. ಮಾಲಕಿ ಮಾತ್ರ ನಗಲಿಲ್ಲ. "ಅಮಾಸಿ ಒಳಗ ಮನಿ ಖಾಲಿ ಮಾಡ್ರಿ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋದಳು.

ನಾವು ಪಾಕೀಟಿನ ಹಾಲು ಕೊಳ್ಳುವವರಲ್ಲ. ಗೌಳಿ ಕ್ಯಾನಿನಿಂದ ಅಳೆದು ಕೊಡುತ್ತಿದ್ದ. ಪಾಕೀಟು ಬರುತ್ತಿದ್ದುದು ಕೆಳಗಿನ ಮನೆಗೆ. ಸಂಜೆ ಶಾಲೆಯಿಂದ ಬಂದವಳೇ ಮಾಲಕಿಯ ಮುಂದೆ ನಿಂತೆ. ಆಕೆ ಮೆಂತ್ಯಪಲ್ಲೆ ಸೋಸುತ್ತಿದ್ದಳು.

"ಆ ಪಾಕೀಟ ನಿಮ್ಮ ಮನೀದ್ರಿ."

"ಗೊತ್ತೈತಿ. ನಾನ ಹಾಕೇನಿ."

ಸುಳ್ಳು ಹೇಳುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಆಕೆ ಪಲ್ಲೆಯಿಂದ ಕಣ್ಣೆತ್ತದೆ ಮಾತು ಮುಂದುವರಿಸಿದಳು.

"ಸೊಸಿಗೆ ರಕ್ತ ಕಡಿಮಿ ಐತಿ. ತತ್ತಿ ತಿನಸ್ರಿ ಅಂತ ಡಾಕ್ಟರ್ ಹೇಳ್ಯಾರ. ನಮ್ಮ ಬುಟ್ಟ್ಯಾಗ ಸಿಪ್ಪಿ ಕಂಡ್ರ ನಾ ಓಣ್ಯಾಗ ಮಾರಿ ಎತ್ತೂದು ಹೆಂಗ? ನಿಮ್ಮ ಬುಟ್ಟ್ಯಾಗ ಕಂಡ್ರ ಯಾರಿಗೂ ಹೊಸಾದ ಅನಸಂಗಿಲ್ಲ."

"ಮತ್ತ ಮನಿ ಯಾಕ ಬಿಡಸ್ತೀರಿ?"

"ಮಂದಿ ಮುಂದ ಅನಬೇಕಾಗತೈತಿ, ಅಂದೇನಿ. ಇರ್ರಿ, ಯಾರ ಬ್ಯಾಡ ಅಂತಾರ? ಕೇಳಿದವರಿಗೆ ನಿಮ್ಮವ್ವ ಹೂಂ ಅಂದ್ರ ಸಾಕು. ಮುದುಕಿ, ಅಶಕ್ತಿ ಐತಿ ಅಂತ ನಾನೂ ಸುಮ್ಮನಾದಂಗ ಮಾಡ್ತೀನಿ."

ಒಳಬಾಗಿಲಲ್ಲಿ ಸೊಸೆ ನಿಂತಿದ್ದಳು. ನನ್ನನ್ನು ನೋಡಿ ಪರದೆ ಎಳೆದುಕೊಂಡಳು.

ನಾಳೆ ಗಾಡಿ ಬರಲಿ, ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮತ್ತ ಮಂದಿ ಬಾಗಲಾ ಬಡ್ಯಾಕ ನನ್ನ ಕೈಲೆ ಆಗಂಗಿಲ್ಲ ಬೇ." ಮರುದಿನ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳೇ ಬುಟ್ಟಿ ಹಿಡಿದು ಕೆಳಗಿಳಿದಿದ್ದಳು.

"ನಾನ ತಿಂದೇನ್ರಿ. ಅಶಕ್ತಿ ಆಗಿತ್ತು."

"ಮುದುಕಿಗೆ ಹರೇ ಬಂದೈತಿ, ಬಿಡ್ರಿ," ಎಂದಳು ಎದುರುಮನೆಯಾಕೆ. ಅಂದಿನಿಂದ ಅವ್ವನ ಹೆಸರು ತತ್ತಿ ಆಯಿ. ಓಣಿಯವರು ಕುಂಕುಮಕ್ಕೆ ಕರೆಯುವುದನ್ನು ನಿಲ್ಲಿಸಿದರು. ನೀರು ಕೇಳಿದರೆ ಲೋಟ ಕೊಡದೆ ಮೇಲಿಂದ ಬೊಗಸೆಗೆ ಸುರಿದರು. ಮಾಲಕಿಯ ಪಾಕೀಟು ನಮ್ಮ ಬುಟ್ಟಿಗೆ ತಪ್ಪದೆ ಬರುತ್ತಿತ್ತು. ಈಗ ಅದಕ್ಕೆ ಗಂಟು ಕಟ್ಟುವ ತ್ರಾಸನ್ನೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ರವಿವಾರ ಅವ್ವ ಇದ್ದಕ್ಕಿದ್ದಂತೆ ಅಂದಳು, "ಹೆಸರಂತೂ ಬಂದೈತಿ. ರುಚಿ ಯಾಕ ಬಿಡೂದು? ತಗೊಂಬಾ."

ಗಾಂಧಿ ಚೌಕದಿಂದ ತಂದೆ. ಕುದಿಸಿ, ಉಪ್ಪು ಖಾರ ಹಚ್ಚಿಕೊಂಡು ಇಬ್ಬರೂ ತಿಂದೆವು. ಸಿಪ್ಪೆಯನ್ನು ಬಿಡಿಬಿಡಿಯಾಗಿ ಬುಟ್ಟಿಯ ಮೇಲೆಯೇ ಹಾಕಿದೆ. ಮಾಲಕಿ ನೋಡಿ ಒಳಗೆ ಹೋದಳು. ಏನೂ ಅನ್ನುವ ಹಾಗಿರಲಿಲ್ಲ. ಓದಿನಿಂದ ಸಿಗದ ಒಂದು ಧೈರ್ಯ ನನಗೆ ಆಗ ಬಂದಿತ್ತು.

ಅದು ಸೊಸೆಯ ಹೆರಿಗೆಯವರೆಗೆ. ತವರಿನಲ್ಲಿ ಹೆತ್ತು, ಕೂಸಿನೊಂದಿಗೆ ಆಕೆ ತಿರುಗಿ ಬಂದ ಮೇಲೆ ಒಂದು ಬೆಳಿಗ್ಗೆ, ಹೆಂಗಸರೆಲ್ಲ ಬುಟ್ಟಿ ಹಿಡಿದು ನಿಂತಿರುವಾಗಲೇ, ಮಾಲಕಿ ದನಿ ಎತ್ತಿದಳು. "ಮನ್ಯಾಗ ಕೂಸು ಬಂದೈತಿ. ಈ ತತ್ತಿ ನಾತ ಇನ್ನ ನಡಿಯಂಗಿಲ್ಲ. ಖಾಲಿ ಮಾಡ್ರಿ."

ಆಗ ನಾನು ಎಲ್ಲವನ್ನೂ ಹೇಳಿದೆ. ಪಾಕೀಟು, ಡಾಕ್ಟರು, ಹೂಂ ಅನ್ನಿಸಿದ್ದು, ಒಂದೂ ಬಿಡದೆ.

"ಸಾಲಿ ಕಲಸಾಕಿ ಆಗಿ ಬಾಣಂತಿ ಮ್ಯಾಲ ಸುಳ್ಳ ಹೇಳ್ತೀರಲ್ರಿ," ಎಂದಳು ಎದುರುಮನೆಯಾಕೆ. "ನಿಮ್ಮವ್ವನ ಬಾಯಿಲೆ ಕೇಳೇವಿ ನಾವು."

ನಾನು ಸೊಸೆಯ ಕಡೆ ತಿರುಗಿದೆ. ಕೂಸಿನ ಕುಲಾವಿ ಸರಿಮಾಡುತ್ತ ಆಕೆ ಅಂದಳು, "ನನಗ ಅದರ ವಾಸನಿ ಬಂದ್ರ ವಾಂತಿ ಬರತೈತ್ರಿ." ಮೈ ತುಂಬಿತ್ತು. ಗಲ್ಲದಲ್ಲಿ ರಕ್ತ ಕಾಣುತ್ತಿತ್ತು.

ಮತ್ತೆ ಮನೆ ಹುಡುಕಲು ಹೊರಟೆವು. ತೊರವಿಯಲ್ಲಿ ಒಂದು ಮನೆ ಖಾಲಿ ಇದೆ ಎಂದು ತಿಳಿದು ಹೋದೆವು. ಗಾಳಿ ಬೆಳಕು ಚೆನ್ನಾಗಿತ್ತು, ಬಸ್ಸೂ ಹತ್ತಿರ. ಮಾಲೀಕರು ಕುರ್ಚಿ ಹಾಕಿದರು, ನಾನು ಓದಿದ್ದನ್ನೂ ಕೇಳಿದರು. ಮನೆ ಸಿಕ್ಕಿತು ಎಂದುಕೊಂಡೆ. ಆಮೇಲೆ ಅವರು, "ಊಟದ್ದು ಹೆಂಗ್ರಿ ನಿಮ್ಮದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ತತ್ತಿ ತಿಂತೀವ್ರಿ."

ಆ ಮನೆ ಸಿಗಲಿಲ್ಲ. ಮುಂದಿನ ಬಾಗಿಲಲ್ಲೂ ಅವಳು ಅದನ್ನೇ ಹೇಳಿದಳು.